ಯಾರ ಕಡೆಯವರು ನೀವು?

ಊರಿನ ಪತ್ರಿಕೆಯ ಕ್ರೀಡಾ ಪುಟವನ್ನು ನೋಡಿಕೊಳ್ಳಲು ಇದ್ದವಳು ಒಬ್ಬಳೇ. ಮೈದಾನಕ್ಕೆ ಹೋಗುವವಳು, ವರದಿ ಬರೆಯುವವಳು, ಕರಡು ತಿದ್ದುವವಳು, ಮರುದಿನ ಫೋನಿನಲ್ಲಿ ಬೈಸಿಕೊಳ್ಳುವವಳು ಎಲ್ಲ ಅವಳೇ. ಆಟಗಾರರು ಅವಳನ್ನು ‘ಸ್ಕೋರಕ್ಕ’ ಎಂದು ಕರೆಯುತ್ತಿದ್ದರು. ಏದುಸಿರು ಬಿಡುತ್ತ ಮೈದಾನಕ್ಕೆ ಬಂದವಳೇ "ಸ್ಕೋರ್ ಎಷ್ಟಾಯ್ತ್ರೋ?" ಎಂದು ಕೇಳುವುದರಿಂದ ಅಂಟಿದ ಹೆಸರು. ಪ್ರೀತಿಯ ಜೊತೆಗೆ, ಸದಾ ತಡವಾಗಿ ಬರುತ್ತಾಳೆ ಎಂಬ ಕೊಂಕೂ ಅದರಲ್ಲಿತ್ತು.

ಊರಿನಲ್ಲಿ ಎರಡು ಕಾಲೇಜು. ಗುಡ್ಡದ ಮೇಲಿನದು ಉಳ್ಳವರದು. ಅಲ್ಲಿ ಫೋಟೊ ತೆಗೆಯಲೆಂದೇ ಒಬ್ಬ ನೌಕರನಿದ್ದ. ಪಂದ್ಯ ಮುಗಿದು ಆಟಗಾರರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅವನ ಚಿತ್ರಗಳು ಪತ್ರಿಕೆಯ ಕಂಪ್ಯೂಟರಿಗೆ ಬಂದಿರುತ್ತಿದ್ದವು. ಬಸ್‌ಸ್ಟ್ಯಾಂಡಿನ ಹಿಂದಿದ್ದ ಕಾಲೇಜಿನಿಂದ ಏನೂ ಬರುತ್ತಿರಲಿಲ್ಲ. ಸ್ಕೋರಕ್ಕನೇ ನಾಲ್ಕಾರು ಸಲ ಫೋನು ಮಾಡಿ ಹೆಸರುಗಳನ್ನು ಹಿಂಡಿ ತೆಗೆಯಬೇಕಿತ್ತು. ಸಂಜೆ ಪುಟ ಕಟ್ಟುವ ಹೊತ್ತಿಗೆ ಕಣ್ಣೆದುರು ಖಾಲಿ ಜಾಗ ಬಾಯಿ ಬಿಟ್ಟುಕೊಂಡಿರುತ್ತಿತ್ತು. ಕೈಗೆ ಸಿಕ್ಕಿದ್ದನ್ನು ಅದರ ಬಾಯಿಗೆ ತುಂಬುತ್ತಿದ್ದಳು. ಸಿಗುತ್ತಿದ್ದದ್ದು ಗುಡ್ಡದ ಕಾಲೇಜಿನ ಫೋಟೊ.

ಹಾಗಾಗಿ ಬಸ್‌ಸ್ಟ್ಯಾಂಡ್ ಕಾಲೇಜಿನವರ ಪ್ರಕಾರ ಅವಳು ಗುಡ್ಡದವರಿಗೆ ಮಾರಿಕೊಂಡವಳು. ಗುಡ್ಡದವರ ಲೆಕ್ಕವೇ ಬೇರೆ. ಅವಳ ತಂಗಿಯ ಮಗಳು ಬಸ್‌ಸ್ಟ್ಯಾಂಡ್ ಕಾಲೇಜಿನ ವಾಲಿಬಾಲ್ ತಂಡದಲ್ಲಿದ್ದಳು. ಆದ್ದರಿಂದ ಆ ತಂಡದ ಬಗ್ಗೆ ಎರಡು ಸಾಲು ಬಂದರೂ ಅದು ಬಳಗದ ಮಮತೆ.

ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಕಾಲೇಜಿನ ಕೋಚ್ ಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಕಚೇರಿಗೇ ಬಂದ.

"ನೋಡಿ ಮೇಡಂ, ಅವರು ಸೋತ್ರೆ ‘ವೀರೋಚಿತ ಸೋಲು’. ನಾವು ಗೆದ್ರೆ ‘ಅದೃಷ್ಟದ ಗೆಲುವು’. ಒಂದ್ಸಲ ಹೇಳಿಬಿಡಿ, ಯಾರ ಕಡೆಯವರು ನೀವು?"

"ಅದೃಷ್ಟ ಅಂತ ಬರೆದದ್ದು ತಪ್ಪು," ಎಂದಳು ಅವಳು. "ಆ ದಿನ ನಾನು ಪಂದ್ಯ ನೋಡಿರಲಿಲ್ಲ. ಅವರ ಕಡೆಯವರು ಹೇಳಿದ್ದನ್ನೇ ಬರೆದೆ."

ಜಗಳಕ್ಕೆಂದು ಮೈ ಹುರಿಗೊಳಿಸಿಕೊಂಡು ಬಂದಿದ್ದ ಕೋಚ್ ಈ ಉತ್ತರಕ್ಕೆ ಪೆಚ್ಚಾದ. ಆದರೆ ಒಳಕೋಣೆಯಿಂದ ಸಂಪಾದಕರಿಗೆ ಎಲ್ಲವೂ ಕೇಳಿಸಿತ್ತು. ಅವನು ಹೋದಮೇಲೆ ಅವಳನ್ನು ಕರೆದರು.

"ಅಮ್ಮಾ, ನನಗೂ ದಿನಾ ಕಿವಿ ಕಚ್ಚೋರೇ. ಇನ್ಮೇಲೆ ಇಬ್ಬರಿಗೂ ಸಮಸಮ ಜಾಗ ಕೊಟ್ಟುಬಿಡಿ. ಬೇಕಾದ್ರೆ ಸ್ಕೇಲ್ ಇಟ್ಟು ಅಳೀರಿ."

"ಒಬ್ಬರು ಆಡ್ದೇ ಇದ್ರೆ ಸಾರ್?"

"ಆಡ್ಲಿಲ್ಲ ಅಂತ ಬರೀರಿ!"

ಬರೆದಳು ಕೂಡ. ಒಂದು ತಂಡ ಪಂದ್ಯ ಗೆದ್ದ ಸುದ್ದಿಯ ಪಕ್ಕದಲ್ಲಿ ಇನ್ನೊಂದು ತಂಡ ಅಭ್ಯಾಸ ಮಾಡಿದ ಸುದ್ದಿ ಅಷ್ಟೇ ಉದ್ದಕ್ಕೆ ಬಂತು. ಎರಡೂ ಕಡೆಯವರಿಗೆ ಸಮನಾಗಿ ಸಿಟ್ಟು ಬಂದದ್ದೊಂದೇ ಲಾಭ.

ಅಷ್ಟರಲ್ಲಿ ಹುಡುಗಿಯರ ವಾಲಿಬಾಲ್ ಫೈನಲ್ ಬಂತು. ಎರಡು ಕಾಲೇಜುಗಳೇ ಎದುರುಬದುರು. ಆ ದಿನ ಸ್ಕೋರಕ್ಕ ಎಲ್ಲರಿಗಿಂತ ಮೊದಲೇ ಹೋಗಿ ಸಿಮೆಂಟಿನ ಮೆಟ್ಟಿಲ ಮೇಲೆ ಕೂತಳು. ಕೊನೆಯ ಸೆಟ್‌ನಲ್ಲಿ ಗುಡ್ಡದ ತಂಡ ಬಹಳ ಮುಂದಿತ್ತು. ಆಗ ಸರ್ವ್ ಮಾಡಲು ಬಂದವಳು ತಂಗಿಯ ಮಗಳು. ಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದಳು. ಒಂದರ ಹಿಂದೊಂದು ಸರ್ವ್ ಹಿಂದಿನ ಮೂಲೆಗೆ ಹೋಗಿ ಬಿತ್ತು. ಎದುರಾಳಿಗಳು ಹಿಂದೆ ಸರಿದರು. ಕಡೆಯ ಸರ್ವನ್ನು ಹುಡುಗಿ ನೆಟ್ಟಿನ ಆಚೆಗೆ, ಅದರ ಬುಡಕ್ಕೇ, ಮೆಲ್ಲಗೆ ಉದುರಿಸಿದಳು. ಯಾರ ಕೈಗೂ ಸಿಗಲಿಲ್ಲ. ಗೆದ್ದರು.

ಸ್ಕೋರಕ್ಕ ತನ್ನ ಫೋನಿನಲ್ಲೇ ಒಂದು ಚಿತ್ರ ತೆಗೆದಳು. ಎದ್ದು ಕುಣಿಯುತ್ತಿದ್ದವರ ನೂಕಿನಲ್ಲಿ ಫೋನು ಅಲುಗಿ ಅದರಲ್ಲಿ ಬರೀ ಮಂಜು ಬಂತು.

ಸಂಜೆ ವರದಿ ಬರೆಯಲು ಕೂತಾಗ ತಂಗಿಯ ಮಗಳ ಹೆಸರು ಬರಬೇಕಾದ ಕಡೆ ಬೆರಳು ನಿಂತಿತು. ನಾಳೆ ಬರುವ ಫೋನುಗಳು ಈಗಲೇ ಕಿವಿಯಲ್ಲಿ ರಿಂಗಣಿಸಿದವು. ಅವಳಿಗೆ ಸಾಕಾಗಿತ್ತು. ‘ಕೊನೆಯ ಹಂತದ ಉತ್ತಮ ಸರ್ವ್‌ಗಳು ಪಂದ್ಯದ ಗತಿ ಬದಲಿಸಿದವು’ ಎಂದು ಬರೆದಳು, ಚೆಂಡು ತಾನೇ ತನ್ನನ್ನು ಹೊಡೆದುಕೊಂಡಿತೇನೋ ಎಂಬಂತೆ. ಫೋಟೊ ಬಂದದ್ದು ಯಥಾಪ್ರಕಾರ ಗುಡ್ಡದಿಂದ. ಅದರಲ್ಲಿ ಸೋತ ತಂಡದ ನಾಯಕಿ ಗಾಳಿಯಲ್ಲಿ ಹಾರಿದ್ದಳು. ಅದೇ ಅಚ್ಚಾಯಿತು.

ಮರುದಿನ ಬೆಳಿಗ್ಗೆಯೇ ತಂಗಿ ಪತ್ರಿಕೆ ಹಿಡಿದುಕೊಂಡು ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡಲಿಲ್ಲ.

"ಅಕ್ಕಾ, ಪರವೂರಿನೋರು ಬರೆದಿದ್ರೆ ಹೆಸರಾದ್ರೂ ಹಾಕ್ತಿದ್ರು. ನಿನ್ನ ತಂಗಿ ಹೊಟ್ಟೇಲಿ ಹುಟ್ಟಿದ್ದೇ ಅವಳ ತಪ್ಪಾ?"

ತಾಯಿಯ ಹಿಂದೆಯೇ ಕುಂಟುತ್ತ ಬಂದಿದ್ದ ಹುಡುಗಿ ಕುರ್ಚಿಯ ಮೇಲೆ ಕೂತು ಕಾಲು ಚಾಚಿದಳು.

"ಅಮ್ಮ, ಸುಮ್ನಿರು. ದೊಡ್ಡಮ್ಮ, ನೀವು ಪೂರ್ತಿ ನೋಡಿದ್ರಾ?"

"ನೋಡಿದೆ."

"ಕೊನೇದು? ನಾನು ಬೇಕಂತಲೇ ಹತ್ರ ಹಾಕಿದ್ದು ಗೊತ್ತಾಯ್ತಾ?"

"ಗೊತ್ತಾಗದೆ ಏನು! ಅದಕ್ಕೂ ಮುಂಚಿನ ಸರ್ವ್‌ನಲ್ಲೇ ನೀನು ಅವರ ಕಾಲು ನೋಡ್ತಿದ್ದೆ. ಹಿಂದೆ ಸರಿದ್ರು ಅಂತ ಖಾತ್ರಿ ಮಾಡ್ಕೊಂಡೆ. ಆಮೇಲೆ ಚೆಂಡನ್ನ ಮೇಲೆಸೆದು, ಜೋರಾಗಿ ಹೊಡೆಯೋಳ ಹಾಗೆ ಮೈ ತಿರುಗಿಸಿ, ಕೈ ಮಾತ್ರ ಸಡಿಲ ಬಿಟ್ಟೆ."

ಹುಡುಗಿಯ ಮುಖ ಅರಳಿತು. "ನೋಡಮ್ಮ! ನಮ್ಮ ಕೋಚ್‌ಗೂ ಇದು ಗೊತ್ತಾಗಿಲ್ಲ. ಕೈ ಜಾರ್ತು ಅಂದ್ಕೊಂಡಿದಾರೆ." ಆಮೇಲೆ ಮೆತ್ತಗೆ ಕೇಳಿದಳು, "ಇಷ್ಟೆಲ್ಲಾ ನೋಡಿದ್ರಲ್ಲ ದೊಡ್ಡಮ್ಮ, ಯಾಕೆ ಬರೀಲಿಲ್ಲ?"

ತಂಗಿಯ ಕೂಗಿಗಿಂತ ಆ ಮೆತ್ತಗಿನ ಮಾತು ಅವಳನ್ನು ಕುಗ್ಗಿಸಿತು. "ಜನರ ಬಾಯಿಗೆ ಹೆದರಿದೆ ಕಣೆ," ಎಂದಳು.

ಕಚೇರಿಗೆ ಹೋದವಳು ಸಂಪಾದಕರನ್ನು ಕೇಳದೆಯೇ ಕೂತು ಬರೆದಳು. ನಿನ್ನೆ ಬಿಟ್ಟುಹೋದ ಹೆಸರು, ಆ ಕೊನೆಯ ಸರ್ವ್ ಹೇಗೆ ಬಿತ್ತು ಎಂಬ ವಿವರ, ಕೆಳಗೆ ‘ಈ ಆಟಗಾರ್ತಿ ವರದಿಗಾರ್ತಿಯ ತಂಗಿಯ ಮಗಳು’ ಎಂಬ ಒಂದು ಸಾಲು. ಸಂಪಾದಕರು ಓದಿ ಹಣೆ ಒತ್ತಿಕೊಂಡರು. "ಮೈಮೇಲೆ ಎಳ್ಕೊಳ್ತಿದೀರಿ," ಎಂದರು. ಆದರೂ ಹಾಕಿದರು.

ನಿರೀಕ್ಷೆಯಂತೆ ಗುಡ್ಡದಿಂದ ಫೋನುಗಳ ಮಳೆ. "ಕೊನೆಗೂ ನಿಜ ಬಾಯಿಬಿಟ್ರಲ್ಲ!" ಎಂದವರಿಗೆಲ್ಲ ಅವಳು "ಹೌದು, ಬರೆದಿದೀನಲ್ಲ, ಓದಿ," ಎಂದು ಹೇಳಿ ರಿಸೀವರ್ ಇಡುತ್ತಿದ್ದಳು. ಎದೆ ಹಗುರವೇನೂ ಆಗಲಿಲ್ಲ. ಆದರೆ ಹೆದರಿಕೆಯೂ ಇರಲಿಲ್ಲ, ದಣಿವಷ್ಟೇ ಇತ್ತು.

ಮುಂದಿನ ತಿಂಗಳು, ಫೈನಲ್ ಗೆದ್ದಿದ್ದ ತಂಡ ಮೇಲಿನ ಹಂತದ ಪಂದ್ಯಾವಳಿಗೆಂದು ಹೊರಗಿನ ಊರಿಗೆ ಹೋಗಿ ಮೊದಲ ಪಂದ್ಯದಲ್ಲೇ ಸೋತುಬಂತು. ಬಸ್ಸು ಹತ್ತಿ ಅಲ್ಲಿಗೂ ಹೋಗಿದ್ದ ಸ್ಕೋರಕ್ಕ ಕಂಡದ್ದನ್ನು ಕಂಡಂತೆ ಬರೆದಳು. ತಂಗಿಯ ಮಗಳ ಸರ್ವ್ ಎರಡು ಸಲ ನೆಟ್ಟಿಗೆ ಬಿದ್ದದ್ದನ್ನೂ ಹೆಸರು ಹಾಕಿಯೇ ಬರೆದಳು. ವರದಿ ಬಂದ ದಿನ ಎರಡೂ ಕಾಲೇಜುಗಳಿಂದ ಒಂದು ಫೋನೂ ಬರಲಿಲ್ಲ.

ಬಂದದ್ದು ತಂಗಿಯದು. "ಅಕ್ಕಾ, ಅವಳು ತಪ್ಪು ಮಾಡಿದಾಗ ಮಾತ್ರ ನಿಂಗೆ ಹೆಸರು ಚೆನ್ನಾಗಿ ನೆನಪಿರುತ್ತೆ ಅಲ್ವಾ?"

ಸ್ಕೋರಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಬೈಯೋದೆಲ್ಲ ಬೈದುಬಿಡು ಮಾರಾಯ್ತಿ," ಎಂದಳು. "ನಾನು ಕೇಳೋಕೆ ಕೂತ್ಕೊಂಡೇ ಇದೀನಿ."