ತೊಳೆಯದೆ ಉಳಿದ ದೀಪ

ನನ್ನ ಹೆಂಡತಿ ಕೌಸಲ್ಯಾ ಸಿಂಗಪುರದ ಆಂಗ್ ಮೋ ಕಿಯೋ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಲೆಕ್ಕದಲ್ಲಿ ಎಷ್ಟು ಖಡಾಖಂಡಿತವೋ ದೇವರ ವಿಷಯದಲ್ಲೂ ಅಷ್ಟೇ. ದೀಪವನ್ನು ಊದಿ ಆರಿಸಬಾರದು, ಹೂವಿನಿಂದ ಬತ್ತಿಯನ್ನು ಎಣ್ಣೆಗೆ ಒತ್ತಿ ಶಾಂತ ಮಾಡಬೇಕು. ಶುಕ್ರವಾರ ದೀಪ ತೊಳೆಯಬಾರದು. ಮೈಸೂರಿನಿಂದ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಇದರಲ್ಲಿ ಒಂದನ್ನೂ ಅವಳು ಸಡಿಲಿಸಿಲ್ಲ.

ಕಳೆದ ವರ್ಷ ಒಂದು ಶುಕ್ರವಾರ ನಾವಿಬ್ಬರೂ ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆಗೆ ಬೆಂಕಿ ಬಿದ್ದಿತ್ತು. ಅಗ್ನಿಶಾಮಕದವರು ನೀರು ಹೊಡೆದು ಆರಿಸಿದ್ದರು. ಫ್ರಿಜ್ ಪಕ್ಕದ ದೇವರ ಶೆಲ್ಫು ಕಪ್ಪಾಗಿತ್ತು, ಹಿತ್ತಾಳೆ ದೀಪ ನೆಲದ ಮೇಲೆ ಮಗುಚಿತ್ತು. ನನಗೆ ಬಾಯಿ ಜಾಸ್ತಿ, ತಾಳ್ಮೆ ಕಡಿಮೆ. ಅಕ್ಕಪಕ್ಕದವರೆಲ್ಲ ಸೇರಿದ್ದ ಅಷ್ಟು ಜನರೆದುರಿಗೇ ಅವಳನ್ನು ಕೇಳಿಬಿಟ್ಟೆ.

"ದೀಪ ಶಾಂತ ಮಾಡಿದ್ಯಾ, ಇಲ್ವಾ?"

"ಮಾಡಿದ್ದೆ ಅನ್ಸುತ್ತೆ ರೀ," ಎಂದಳು.

ಸುಟ್ಟ ಮನೆಯನ್ನು ಹಾಗೇ ಇಟ್ಟುಕೊಳ್ಳಬಾರದೆಂದು ಅವಳು ಅಂದೇ ಸಂಜೆ ತೊಳೆಯಲು ಕೂತಳು. ಎರಡು ದಿನದಲ್ಲಿ ಕಪಾಟು, ಫ್ರಿಜ್ ಎಲ್ಲ ಗುಜರಿಯವನ ಪಾಲಾದವು. ಸೋಮವಾರ ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬಂದಾಗ ಹೊಸ್ತಿಲಲ್ಲಿ ರಂಗೋಲಿ, ಒಳಗೆ ಫಳಫಳ ಹೊಳೆಯುವ ಗೋಡೆ. ನೋಡಲು ಏನೂ ಉಳಿದಿರಲಿಲ್ಲ. ಉರಿಯುವ ದೀಪ ಬಿಟ್ಟು ಹೋದದ್ದೇ ಬೆಂಕಿಗೆ ಕಾರಣ, ಅದು ಮನೆಯವರ ನಿರ್ಲಕ್ಷ್ಯ, ಆದ್ದರಿಂದ ಪರಿಹಾರ ಕೊಡಲಾಗದು ಎಂದು ಪತ್ರ ಬಂತು.

ಆ ದಿನದಿಂದ ಅವಳು ದೀಪ ಹಚ್ಚಲಿಲ್ಲ. ಅದಕ್ಕಿಂತ ನನ್ನ ಹೊಟ್ಟೆ ಉರಿಸಿದ್ದು ಇನ್ನೊಂದು. ಸ್ಟೌ ಆರಿಸಿದರೆ ನನ್ನನ್ನು ಕರೆಯುವಳು, "ಬಂದು ನೋಡಿ, ಆಫ್ ಮಾಡಿದ್ದೀನಿ." ಇಸ್ತ್ರಿಪೆಟ್ಟಿಗೆಗೂ ಅಷ್ಟೇ, ನಲ್ಲಿಗೂ ಅಷ್ಟೇ. ಮಕ್ಕಳ ಹೋಮ್‌ವರ್ಕನ್ನೂ ಎರಡೆರಡು ಸಲ ತಿದ್ದತೊಡಗಿದಳು. ನನ್ನ ಒಂದು ಮಾತು ಅವಳನ್ನು ಈ ಗತಿಗೆ ತಂದಿತ್ತು. ದುಡ್ಡು ಹೋದರೆ ಹೋಗಲಿ, ನನಗೆ ಹಳೆಯ ಕೌಸಲ್ಯಾ ಬೇಕಿತ್ತು.

ಕನ್ನಡ ಸಂಘದಲ್ಲಿ ಪರಿಚಯವಾದ ಮಹಾಬಲೇಶ್ವರ ಅವರನ್ನು ಗೊತ್ತುಮಾಡಿದ್ದು ಅದಕ್ಕೇ. ಇಪ್ಪತ್ತು ವರ್ಷ ಇನ್ಶೂರೆನ್ಸ್ ಕಂಪನಿಗಳ ಕಡೆಯಿಂದ ನಷ್ಟ ಅಳೆದವರು, ಈಗ ಪಾಲಿಸಿ ಮಾಡಿಸಿದವರ ಪರವಾಗಿ ನಿಂತು ಕ್ಲೇಮ್ ನೋಡಿಕೊಳ್ಳುವ ಅಡ್ಜಸ್ಟರ್. ಬಂದವರೇ ಅಡುಗೆಮನೆ ನೋಡಿ ಹಣೆ ಚಚ್ಚಿಕೊಂಡರು.

"ಇಷ್ಟು ಚೆನ್ನಾಗಿ ತೊಳೆದ್ರೆ ನಾನು ಏನು ನೋಡ್ಲಿ ಅಮ್ಮಾ? ತೊಳೀದೇ ಇರೋದು ಏನಾದ್ರೂ ಉಂಟಾ?"

ಕೌಸಲ್ಯಾ ಒಳಗೆ ಹೋಗಿ, ಬೀರುವಿನ ತಳದಿಂದ ಬಟ್ಟೆಯ ಗಂಟೊಂದನ್ನು ತಂದಳು. "ದೀಪ. ಅವತ್ತು ಶುಕ್ರವಾರ, ತೊಳೀಲಿಲ್ಲ. ಆಮೇಲೆ ಇದರ ಮುಖ ನೋಡೋ ಧೈರ್ಯ ಬರ್ಲಿಲ್ಲ."

ಅವರು ಕನ್ನಡಕ ಏರಿಸಿ, ಟಾರ್ಚ್ ಬಿಟ್ಟು, ದೀಪವನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಬಿಟ್ಟು ಅವಳನ್ನು ಮಾತ್ರ ಹತ್ತಿರ ಕರೆದರು.

"ಇಲ್ಲಿ ನೋಡಿ. ಮೇಲೆ ಹೊಗೆಯ ಮಸಿ. ಅದರ ಕೆಳಗೆ, ಎಣ್ಣೆ ಜಿಡ್ಡಲ್ಲಿ, ಬತ್ತಿ ತುದಿಗೆ ಅಂಟಿಕೊಂಡಿರೋದು ಏನು?"

"ದಾಸವಾಳದ ತೊಟ್ಟು," ಎಂದಳು.

"ಬೆಂಕಿಗೆ ಮುಂಚೆಯೇ ನೀವು ಶಾಂತ ಮಾಡಿದ್ದೀರಿ ಅಮ್ಮಾ. ತಪ್ಪು ನಿಮ್ಮದಲ್ಲ."

ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾನು ಅವರೆದುರಿಗೇ, "ನನ್ನದು ತಪ್ಪಾಯ್ತು ಕಣೇ," ಎಂದೆ. ಜನರೆದುರು ಆಡಿದ ಮಾತನ್ನು ಜನರೆದುರೇ ಹಿಂತೆಗೆದುಕೊಳ್ಳಬೇಕಿತ್ತು.

ಮಹಾಬಲೇಶ್ವರ ಎಲೆಕ್ಟ್ರಿಷಿಯನ್ ಕರೆಸಿ, ಫ್ರಿಜ್ ಹಿಂದಿದ್ದ ಸಾಕೆಟ್ ಬಿಚ್ಚಿಸಿದರು. ಗೋಡೆಯೊಳಗಿನ ವೈರು ಕರಗಿ ಮುದ್ದೆಯಾಗಿತ್ತು. ಅದನ್ನೂ ದೀಪವನ್ನೂ ಮುಂದಿಟ್ಟು ಕಂಪನಿಯವರ ಜೊತೆ ಎರಡು ತಿಂಗಳು ಜಗ್ಗಾಡಿ ಕ್ಲೇಮ್ ಒಪ್ಪಿಸಿದರು. ದೀಪ ಮನೆಗೆ ವಾಪಸು ಬಂದ ಗುರುವಾರ ಹುಣಸೆಹಣ್ಣು ಹಾಕಿ ಅದನ್ನು ಉಜ್ಜಿದವನು ನಾನು.

ಮರುದಿನ ಬೆಳಿಗ್ಗೆ ಅವಳು ದೀಪ ಹಚ್ಚಿದಳು. ಮಾರ್ಕೆಟ್ಟಿಗೆ ಹೊರಡುವಾಗ ಒಳಗೆ ಹೋಗಿ ಹೂವಿನಿಂದ ಶಾಂತ ಮಾಡಿದಳು. "ಬಂದು ನೋಡಿ" ಎನ್ನುವಳೆಂದು ನಾನು ಹಾಲ್‌ನಲ್ಲೇ ಕಾಯುತ್ತಾ ನಿಂತಿದ್ದೆ. ಅವಳು ಆಗಲೇ ಚಪ್ಪಲಿ ಮೆಟ್ಟಿ ಹೊರಗೆ ಹೋಗಿದ್ದಳು.

"ಏನ್ರೀ, ಅಲ್ಲೇ ನಿಂತ್ರಿ? ಬನ್ನಿ, ಲಿಫ್ಟ್ ಬಂತು!"