ದಾಟಿದರೆ ಬೆಳೆಯುವುದಿಲ್ಲವಂತೆ

ಮಗಳಿಗೆ ನಾಲ್ಕು ತುಂಬಿದರೂ ಎರಡು ವರ್ಷದ ಹಿಂದೆ ಹೊಲಿಸಿದ ಲಂಗ ಇನ್ನೂ ಆಗುತ್ತಿತ್ತು. ಅಂಗನವಾಡಿ ಟೀಚರ್ ಅವಳನ್ನು ಗೋಡೆಗೆ ನಿಲ್ಲಿಸಿ ಅಳೆದು, ವಯಸ್ಸಿಗೆ ತಕ್ಕ ಎತ್ತರ ಬಂದಿಲ್ಲ, ಈಗಲೇ ನೋಡಿಕೊಳ್ಳದಿದ್ದರೆ ಆಮೇಲೆ ಸರಿಹೋಗುವುದು ಕಷ್ಟ ಎಂದರು. ನನಗೆ ಹೆದರಿಕೆಯಾಯಿತು. ಬಾಯಿಗೆ ಬಂದದ್ದು ಮಾತ್ರ ಬೇರೆ. ನಮ್ಮ ಮನೆಯವರೆಲ್ಲ ಕುಳ್ಳರೇ ಬಿಡಿ ಎಂದು ಹೇಳಿ ಬಂದುಬಿಟ್ಟೆ.

ಅತ್ತೆಗೆ ನನ್ನ ಮೇಲೇ ಅನುಮಾನ. ತ್ಯಾಮಗೊಂಡ್ಲು ಪಕ್ಕದ ಹಳ್ಳಿಯಲ್ಲಿ ನಮ್ಮದು ಒಂದೇ ಕೋಣೆಯ ಮನೆ, ಮಗಳು ಮಲಗುವುದು ಬಾಗಿಲ ಬಳಿ. ಬೆಳಗಿನ ಜಾವ ಸೋಂಪುರದ ಫ್ಯಾಕ್ಟರಿ ಬಸ್ಸಿಗೆ ಓಡುವಾಗ ನಾನು ಅವಳನ್ನು ದಾಟಿ ಹೋಗುತ್ತೇನಂತೆ. ಮಲಗಿದ ಮಗುವನ್ನು ದಾಟಿದರೆ ಬೆಳೆಯುವುದಿಲ್ಲವಂತೆ, ದಾಟಿದವರೇ ತಿರುಗಿ ದಾಟಬೇಕಂತೆ. ಆ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ಯಾರು ತಿರುಗಿ ದಾಟುತ್ತಾರೆ?

ನನ್ನ ಅನುಮಾನ ಟೀಚರ್ ಮೇಲೆ. ಮಕ್ಕಳಿಗೆಂದು ಬರುವ ಮೊಟ್ಟೆ ಮಕ್ಕಳ ಬಾಯಿಗೇ ಹೋಗುತ್ತದೆ ಎಂದು ಯಾರು ಕಂಡಿದ್ದಾರೆ? ಅವರ ಮನೆಯ ತಿಪ್ಪೆಯಲ್ಲಿ ಮೊಟ್ಟೆಯ ಸಿಪ್ಪೆ ಇದೆಯೇ ಎಂದು ಬಗ್ಗಿ ನೋಡಿದವಳು ನಾನು. ಇತ್ತು. ಹಿತ್ತಲಲ್ಲಿ ಕೋಳಿಗಳೂ ಇದ್ದವು, ಆದರೆ ಅನುಮಾನಕ್ಕೆ ಅದೆಲ್ಲ ಬೇಕೇ?

ಒಂದು ದಿನ ರಜೆ ಹಾಕಿ, ಮನೆಯಲ್ಲಿ ಹೇಳದೆ ಎಂದಿನಂತೆ ಹೊರಟು, ಅಕ್ಕನ ಮನೆಯಲ್ಲಿ ಹೊತ್ತು ಕಳೆದು ಅಂಗನವಾಡಿಗೆ ಹೋಗಿ ಕೂತೆ. ಟೀಚರ್ ನನ್ನೆದುರೇ ಮೊಟ್ಟೆ ಸುಲಿದು ಮಗಳ ಬಾಯಿಗಿಟ್ಟರು. ನಾನಿದ್ದೇನೆಂದು ನಾಟಕ ಅಂದುಕೊಂಡೆ. ಮಗಳು ಮುಖ ತಿರುಗಿಸಿದಳು. ಪಕ್ಕದ ಮಕ್ಕಳು ಗಬಗಬ ತಿನ್ನುತ್ತಿದ್ದರು.

"ದಿನಾ ಹಿಂಗೇನೇ. ಬೆಳಿಗ್ಗೆ ಏನ್ ತಿನ್ಸಿ ಕಳಿಸ್ತೀರಮ್ಮ?" ಎಂದರು ಟೀಚರ್.

ರಾಗಿ ಗಂಜಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮಗಳೇ ಹೇಳಿದಳು: "ಟೀ, ಬನ್ನು."

ಮನೆಗೆ ಹೋದವಳೇ ಅತ್ತೆಯ ಮೇಲೆ ಎಗರಿಬಿದ್ದೆ. ನಾನು ಕಾಯಿಸಿಟ್ಟ ಗಂಜಿ ಎಲ್ಲಿ ಹೋಯಿತು, ಹೊಟ್ಟೆತುಂಬ ಬನ್ನು ತುರುಕಿದರೆ ಮೊಟ್ಟೆಗೆ ಜಾಗ ಎಲ್ಲಿ ಎಂದು ಕೂಗಾಡಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡರು.

"ಎದ್ದ ತಕ್ಷಣ ನಿನ್ನ ಹುಡುಕ್ತಾಳೆ ಕಣಮ್ಮ. ಬಾಗ್ಲು ಹಿಡ್ಕೊಂಡು ಅಳ್ತಾಳೆ. ಬನ್ ಕೊಟ್ರೆ ಸುಮ್ನಾಗ್ತಾಳೆ. ನಾನೇನ್ ಮಾಡ್ಲಿ?"



ಈಗ ಹೊರಡುವ ಮೊದಲೇ ಅವಳನ್ನು ಎಬ್ಬಿಸಿ ಗಂಜಿ ಕುಡಿಸುತ್ತೇನೆ. ಬಾಗಿಲಲ್ಲಿ ನಿಂತು ಟಾಟಾ ಮಾಡುತ್ತಾಳೆ, ಕೆಲವು ದಿನ ಅಳುತ್ತಾಳೆ. ಅಂಗನವಾಡಿಯಲ್ಲಿ ಮೊಟ್ಟೆ ತಿನ್ನುತ್ತಾಳಂತೆ. ಮೊನ್ನೆ ಟೀಚರ್ ಅಳೆದು, ಬೆಳೆದಿದ್ದಾಳೆ ಎಂದರು. ನಾನು ನಂಬಲಿಲ್ಲ, ಇನ್ನೊಂದು ಸಲ ಅಳೆಸಿದೆ. ನಿಜವಾಗಿಯೂ ಬೆಳೆದಿದ್ದಳು.

ನಾನು ದಾಟುವುದನ್ನು ಬಿಟ್ಟಿದ್ದಕ್ಕೇ ಬೆಳೆದಳು ಎನ್ನುತ್ತಾರೆ ಅತ್ತೆ. ಸುಳ್ಳೆನ್ನಲಾರೆ. ಎದ್ದು ಬಾಗಿಲಲ್ಲಿ ನಿಂತ ಮಗುವನ್ನು ದಾಟುವುದು ಹೇಗೆ?