ಪಿತ್ತಕ್ಕೆಂದು ಕೊಟ್ಟ ಶರಬತ್ತು

ಪುಟ್ಟೀ, ಅಪ್ಪೀ, ಎದುರು ಕೂತು ಹೇಳುವ ಧೈರ್ಯವಿಲ್ಲದೆ ಇದನ್ನು ಬರೆಯುತ್ತಿದ್ದೇನೆ. ಹಳದೀಪುರದ ಶಾಲೆಯಲ್ಲಿ ಏಳನೆಯವರೆಗೆ ಓದಿದೆ. ಉತ್ತರ ಗೊತ್ತಿದ್ದಾಗಲೂ ಒಂದು ದಿನವೂ ಕೈ ಎತ್ತಿದವಳಲ್ಲ. ಸಂಕೋಚದವಳು ಎಂದು ಎಲ್ಲರೂ ಬಿಟ್ಟುಬಿಡುತ್ತಿದ್ದರು. ಆ ಸಂಕೋಚದ ಮರೆಯಲ್ಲೇ ನಾನು ಈ ತಪ್ಪು ಮಾಡಿದ್ದು.

ಪುಟ್ಟೀ, ನಿನಗೆ ಆಗ ಒಂಬತ್ತು ವರ್ಷ. ನಿನ್ನ ತಮ್ಮ ಅಪ್ಪಿ ಇನ್ನೂ ಹುಟ್ಟಿರಲಿಲ್ಲ. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಗೆ ಮೊದಲ ಮೊಬೈಲು ಬಂದ ವರ್ಷ ಅದು. ಅಪ್ಪ ಕಚೇರಿಗೆ, ಅಮ್ಮ ಹೊನ್ನಾವರದ ಶಾಲೆಗೆ ಪಾಠ ಮಾಡಲು, ಬೆಳಿಗ್ಗೆ ಒಂದೇ ಬಸ್ಸಿಗೆ ಹೋದರೆ ಬರುವುದು ಸಂಜೆ ದೀಪ ಹಚ್ಚುವ ಹೊತ್ತಿಗೆ. ನಾಲ್ಕೂವರೆಗೆ ನೀನು ಶಾಲೆಯಿಂದ ಬಂದ ಮೇಲೆ ಮನೆಯಲ್ಲಿ ನಾವಿಬ್ಬರೇ.

ನನ್ನ ಮಕ್ಕಳ ಕಾಲದಲ್ಲಿ ಸಕ್ಕರೆ ರೇಷನ್ ಅಂಗಡಿಯಲ್ಲಿ ಅಳೆದು ಕೊಡುವ ವಸ್ತು. ಹಬ್ಬಕ್ಕೆಂದು ಎತ್ತಿಟ್ಟ ಡಬ್ಬಿಗೆ ಬೆರಳು ಹಾಕಿದನೆಂದು ನಿಮ್ಮ ಅಪ್ಪನಿಗೆ ಬರೆ ಬರುವಂತೆ ಹೊಡೆದಿದ್ದೆ. ಆ ಋಣವನ್ನು ನಿನ್ನಲ್ಲಿ ತೀರಿಸಿದೆ. ಹಾಲಿಗೆ ಮೂರು ಚಮಚ, ದೋಸೆಯ ಮೇಲೆ ಸಕ್ಕರೆ, ಅವಲಕ್ಕಿಗೆ ಸಕ್ಕರೆ, ಅಂಗಡಿಯ ಕ್ರೀಮ್ ಬಿಸ್ಕತ್ತು. ನಿನ್ನ ಕೆನ್ನೆ ತುಂಬಿದಷ್ಟೂ ನನಗೆ ಹೆಮ್ಮೆ. ಪಕ್ಕದ ಮನೆಯ ಕೊಂಕಣಿ ಬಾಯಿ ಬೇಲಿಯ ಆಚೆಯಿಂದ ನಗುತ್ತಿದ್ದಳು: “ಎಂತ ಅಮ್ಮಾ, ಮೊಮ್ಮಗಳನ್ನ ಸಾಕ್ತಿದ್ರೋ, ಚವತಿಗೆ ಗಣಪತಿ ಮಾಡ್ತಿದ್ರೋ?”

ನಾನೂ ನಕ್ಕು, ಆಮೇಲೆ ಉಪ್ಪು ಮೆಣಸು ನಿವಾಳಿಸಿ ನಿನ್ನ ದೃಷ್ಟಿ ತೆಗೆಯುತ್ತಿದ್ದೆ.

ಆ ಬೇಸಿಗೆ ಕಳೆದು ಶಾಲೆ ಶುರುವಾಗುವ ಹೊತ್ತಿಗೆ ನಿನ್ನ ಕುತ್ತಿಗೆಯ ಹಿಂದೆ ಕಪ್ಪು ಕಟ್ಟಿತು. ಕೊಳೆಯೆಂದು ತಿಳಿದು ತೆಂಗಿನ ನಾರಿನಿಂದ ತಿಕ್ಕಿದೆ. “ಅಜ್ಜಿ, ಉರೀತದೆ” ಎಂದು ನೀನು ಅತ್ತರೂ ಬಿಡಲಿಲ್ಲ. “ಗಲೀಜು ಹುಡುಗಿ, ಶಾಲೇಲಿ ನಗ್ತ್ರು ಸುಮ್ನಿರು” ಎಂದೆ. ಅದಾಗಿ ಕೆಲವು ದಿನಕ್ಕೆ ಬಲಪಕ್ಕೆ ನೋವೆಂದು ನೀನು ಊಟ ಬಿಟ್ಟೆ. ಅಮ್ಮ ರಜೆ ಹಾಕಿ ನಮ್ಮಿಬ್ಬರನ್ನೂ ಕುಮಟೆಯ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಮೊದಲು ನೋಡಿದ್ದೇ ಕುತ್ತಿಗೆಯನ್ನು. “ಇದು ಕೊಳೆ ಅಲ್ಲ, ಮೈತೂಕ ಹೆಚ್ಚಾದ ಗುರುತು. ಯಾರು ತಿಕ್ಕಿದ್ದು?” ಎಂದರು. ನಾನು ಸೆರಗು ನೋಡುತ್ತ ಕೂತೆ. ಸ್ಕ್ಯಾನಿಂಗ್ ಆದ ಮೇಲೆ ಹೇಳಿದರು: “ಲಿವರ್‌ನಲ್ಲಿ ಕೊಬ್ಬು ಕೂತಿದೆ. ಸಕ್ಕರೆ, ಬಿಸ್ಕತ್ತು, ಜ್ಯೂಸು, ಬಾಟಲಿ ಪಾನೀಯ ಎಲ್ಲ ಬಂದ್. ದಿನಾ ಓಡಿ ಆಡಲಿ. ಈಗಲೇ ಜಾಗ್ರತೆ ಮಾಡಿದ್ರೆ ಸರಿಹೋಗ್ತದೆ, ಬಿಟ್ರೆ ಮುಂದೆ ಕಷ್ಟ.”

ನಮ್ಮ ಕಡೆ ಲಿವರ್ ಹೋಯಿತು ಎನ್ನುವುದು ಸಾರಾಯಿ ಕುಡಿದು ಬಿದ್ದವರಿಗೆ. ಒಂಬತ್ತು ವರ್ಷದ ಕೂಸಿಗೆ ಆ ಮಾತೇ ಎಂದು ಬೆಪ್ಪಾಗಿ ನೋಡಿದೆ. ಡಾಕ್ಟರು ನನಗೆ ಅರ್ಥವಾಗಲಿ ಎಂದು ಬಿಡಿಸಿ ಹೇಳಿದರು: “ಲಿವರ್ ಅಂದ್ರೆ ಪಿತ್ತಜನಕಾಂಗ, ಅಜ್ಜಿ.”

ನಾನು ಅದರಲ್ಲಿ ‘ಪಿತ್ತ’ವನ್ನಷ್ಟೇ ಹಿಡಿದುಕೊಂಡು ಬಂದೆ. ಪಿತ್ತಕ್ಕೆ ಮದ್ದು ನಮ್ಮ ಮನೆಯಲ್ಲೇ ಇತ್ತು. ಮೇ ತಿಂಗಳಲ್ಲಿ ಮುರುಗಲ ಹಣ್ಣಿನ, ಪೇಟೆಯವರು ಕೋಕಂ ಎನ್ನುತ್ತಾರಲ್ಲ, ಅದರ ಹೋಳುಗಳಿಗೆ ಸಕ್ಕರೆ ತುಂಬಿ, ಗಾಜಿನ ಭರಣಿಯಲ್ಲಿ ಬಿಸಿಲಿಗಿಟ್ಟು ಇಳಿಸಿದ ಕೆಂಪು ಪಾಕ. ಶರಬತ್ತಿಗೆಂದು ಮಾಡಿದ್ದು. ಹಣ್ಣು ಎಷ್ಟೋ ಸಕ್ಕರೆಯೂ ಅಷ್ಟು, ಒಂದು ಹಿಡಿ ಹೆಚ್ಚೇ.

ಅಮ್ಮ ಮನೆಗೆ ಸಕ್ಕರೆ ತರುವುದನ್ನೇ ನಿಲ್ಲಿಸಿದಳು. ನಿನಗೆ ಆಸೆಯಾಗದಿರಲೆಂದು ತಾನೂ ಸಪ್ಪೆ ಚಹಾ ಕುಡಿದಳು. ನಾನು ಸಂಜೆ ಸಂಜೆ ನಿನಗೆ ದೊಡ್ಡ ಲೋಟದಲ್ಲಿ ಶರಬತ್ತು ಕೊಟ್ಟೆ. “ಇದು ಮದ್ದು ತಂಗಿ, ಪಿತ್ತ ಇಳೀತದೆ.”

ತಿಳಿಯದೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸುಳ್ಳು. ಮದ್ದೇ ಆಗಿದ್ದರೆ ಅಮ್ಮ ಬರುವ ಮೊದಲು ಲೋಟ ತೊಳೆದು ಕವುಚಿಡುತ್ತಿದ್ದುದೇಕೆ? ನೀನು ಲೋಟ ಹಿಡಿದು ನನ್ನನ್ನು ನೋಡಿ ನಗುತ್ತಿದ್ದೆಯಲ್ಲ, ಆ ನಗು ನನಗೆ ಬೇಕಿತ್ತು.

ಮೂರು ತಿಂಗಳ ಮೇಲೆ ಮತ್ತೆ ಕುಮಟೆಗೆ ಹೋದೆವು. ಕೊಬ್ಬು ಇಳಿದಿರಲಿಲ್ಲ, ಇನ್ನೂ ಏರಿತ್ತು. ಡಾಕ್ಟರು ಅಮ್ಮನ ಮೇಲೆ ಸಿಟ್ಟಾದರು. “ನೀವು ಟೀಚರ್ ಅಲ್ವಾ? ಊರ ಮಕ್ಕಳಿಗೆ ಪಾಠ ಹೇಳ್ತೀರಿ, ನಿಮ್ಮ ಮಗಳಿಗೆ ಎಂತ ಕೊಡ್ತಿದ್ದೀರಿ?”

“ದೇವರಾಣೆ ಡಾಕ್ಟ್ರೇ, ಮನೇಲಿ ಸಕ್ಕರೆ ಡಬ್ಬಿಯೇ ಇಲ್ಲ.” ಅಮ್ಮ ನಿನ್ನ ಕಡೆ ತಿರುಗಿದಳು.

ನಾನು ಅದೇ ಬೆಂಚಿನ ತುದಿಯಲ್ಲಿದ್ದೆ. ನೀನು ಒಮ್ಮೆ ನನ್ನ ಮುಖ ನೋಡಿದೆ. ಆಮೇಲೆ ನೀನೇ ಡಾಕ್ಟರಿಗೆ, “ನಾನೇ ಶಾಲೆ ಹತ್ರ ಅಂಗಡೀಲಿ ಚಾಕಲೇಟ್ ತಿಂದೆ” ಎಂದೆ.

ಕುಮಟೆಯ ಬಸ್ ನಿಲ್ದಾಣದಲ್ಲಿ ಅಮ್ಮ ನಿನ್ನ ಕೆನ್ನೆಗೆ ಹೊಡೆದಳು, ಹೊಡೆದು ತಾನೇ ಅತ್ತಳು. ಜನ ತಿರುಗಿ ನೋಡಿದರು. ನಾನು ಆಗಲೂ ನಿಜ ಹೇಳಲಿಲ್ಲ. ಬಸ್ಸಿನಲ್ಲಿ ನೀನು ನನ್ನ ಪಕ್ಕದಲ್ಲೇ ಕೂತು ನನ್ನ ಬೆರಳು ಹಿಡಿದುಕೊಂಡೆ. ಆ ಕೈಯ ಬಿಸಿ ನೆನೆದರೆ ಇವತ್ತಿಗೂ ತಲೆ ತಗ್ಗುತ್ತದೆ.

ಮರುದಿನ ಎಲ್ಲರೂ ಹೋದ ಮೇಲೆ ಭರಣಿಯನ್ನು ಹಿತ್ತಿಲ ತೆಂಗಿನ ಬುಡಕ್ಕೆ ಸುರಿದೆ. ಸಂಜೆಯೊಳಗೆ ಬುಡದಿಂದ ಬಾವಿಕಟ್ಟೆಯವರೆಗೆ ಇರುವೆ ಸಾಲು ಕಟ್ಟಿತು.

“ಅತ್ತೆ, ಇಷ್ಟು ಇರುವೆ ಎಂತಕ್ಕೆ ಬಂತು?” ಎಂದು ಅಮ್ಮ ಕೇಳಿದಳು.

“ಎಂತದೋ ಚೆಲ್ಲಿತ್ತು.”

ಅವಳು ಕೆಂಪಾದ ಮಣ್ಣನ್ನು ನೋಡಿದಳು, ತೊಳೆದು ಒಣಗಲಿಟ್ಟ ಭರಣಿಯನ್ನು ನೋಡಿದಳು. “ಆತು” ಎಂದು ಒಳಗೆ ಹೋದಳು.

ಅಲ್ಲಿಂದ ನೀನು ದಿನಾ ಮೈದಾನದಲ್ಲಿ ಓಡಿದೆ. ವರ್ಷ ತುಂಬುವುದರೊಳಗೆ ಡಾಕ್ಟರು ಸ್ಕ್ಯಾನಿಂಗ್ ನೋಡಿ ಬೆನ್ನು ತಟ್ಟಿದರು. ಮುಂದಿನ ಬೇಸಿಗೆಯಲ್ಲಿ ಅಮ್ಮನೇ ಮುರುಗಲ ಹಣ್ಣು ತಂದು ನನ್ನ ಮುಂದಿಟ್ಟಳು. “ಈ ಸಲ ಸಿಪ್ಪೆ ಒಣಗಿಸುವ, ಅತ್ತೆ. ಸಾರಿಗೆ ಆಗ್ತದೆ.” ಅಷ್ಟೇ. ಬೈದಿದ್ದರೆ ಹಗುರಾಗುತ್ತಿದ್ದೆ.

ನಾನು ಅವಳ ಕ್ಷಮೆ ಕೇಳಲಿಲ್ಲ. ಅವಳು ಅಡುಗೆಮನೆಯಲ್ಲಿ ಎರಡು ಮಾರು ದೂರದಲ್ಲೇ ಇರುತ್ತಾಳೆ, ಈಗಲೂ ಪಾತ್ರೆಯ ಸದ್ದು ಕೇಳುತ್ತಿದೆ. ಪುಟ್ಟೀ, ಅಂಗಡಿಯ ಚಾಕಲೇಟಿನ ಸುಳ್ಳನ್ನು ನೀನು ಇನ್ನು ನನಗಾಗಿ ಹೊರಬೇಡ. ಇದನ್ನು ಅಮ್ಮನಿಗೆ ಓದಿ ಹೇಳು. ನಾನು ಹೊರಗೆ ಬಾವಿಕಟ್ಟೆಯ ಮೇಲೆ ಕೂತಿರುತ್ತೇನೆ. ಓದಿದ ಮೇಲೆ ಈ ಹಾಳೆಗಳನ್ನು ಒಲೆಗೆ ಹಾಕಬೇಡಿ. ಅಪ್ಪೀ, ನಿನ್ನ ಪುಸ್ತಕದ ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡು.